ಕೆಂಡಕ್ಕ ಮೇಜಿಗೆ ಕೂತ ಸಂಜೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೋಟೆಲಿನ ಹಿಂಬಾಗಿಲಿನಿಂದ ಒಳಬಂದ ಹೆಂಗಸು ರವಿಕೆಯ ತೋಳು ಮಡಚಿ, ಇಟ್ಟಿಗೆಯ ಒಲೆಗೆ ಬಗ್ಗಿ, ನಿನ್ನೆಯ ಬೂದಿಯನ್ನು ಸಲಿಕೆಯಿಂದ ಸರಿಸುತ್ತಾರೆ. ಅಡಿಯಲ್ಲಿ ಒಂದೆರಡು ಕೆಂಡಗಳು ಇನ್ನೂ ಕಣ್ಣು ಬಿಟ್ಟುಕೊಂಡಿವೆ. "ಎದ್ದೇ ಇದ್ದೀರಾ? ಒಳ್ಳೇದಾಯ್ತು ಬಿಡಿ," ಎನ್ನುತ್ತಾರೆ. ಮಾತು ಕೆಂಡಗಳಿಗೆ. ಮನೆಯಲ್ಲಿ ಈ ದನಿ ಇಷ್ಟು ಮೃದುವಾಗಿರುವುದಿಲ್ಲ ಎಂಬುದು ಗಂಡನ ಹೇಳಿಕೆ.

ಇಲ್ಲಿ ಎಲ್ಲರಿಗೂ ಅವರು ಕೆಂಡಕ್ಕ. ಬ್ರೆಜಿಲ್ ಮಾದರಿಯ ಈ ಮಾಂಸದ ಹೋಟೆಲಿನಲ್ಲಿ ಮೆನು ಕಾರ್ಡ್ ಎಂಬುದಿಲ್ಲ. ಕಲ್ಲುಪ್ಪು ಹಚ್ಚಿ, ಉದ್ದನೆಯ ಸರಳಿಗೆ ಚುಚ್ಚಿ ಸುಟ್ಟ ಮಾಂಸವನ್ನು ಬಡಿಸುವವರು ಮೇಜಿನಿಂದ ಮೇಜಿಗೆ ಹೊತ್ತು ತಂದು, ತಟ್ಟೆಗೇ ಹೆರೆದು ಹಾಕುತ್ತಾರೆ. ಪ್ರತಿಯೊಬ್ಬರ ಮುಂದೆ ಒಂದು ಬಿಲ್ಲೆ: ಹಸಿರು ಮುಖ ಮೇಲಿದ್ದರೆ ತನ್ನಿ, ಕೆಂಪು ಮೇಲಿದ್ದರೆ ಸಾಕು. ತಿನ್ನುವವರಿಗೆ ಸರಳು ಕಾಣುತ್ತದೆ, ಚೂರಿ ಕಾಣುತ್ತದೆ, ಬಡಿಸುವವನ ಮೀಸೆ ಕಾಣುತ್ತದೆ. ಗೋಡೆಯಾಚೆಯ ಬೆಂಕಿ ಕಾಣುವುದಿಲ್ಲ, ಬೆಂಕಿಯ ಮುಂದೆ ನಿಂತವರಂತೂ ಇಲ್ಲವೇ ಇಲ್ಲ.

ಕೆಂಡಕ್ಕನ ಇದ್ದಿಲಿನ ನಂಟು ಹಳೆಯದು. "ನಮ್ಮತ್ತೆ ಬಟ್ಟೆ ಇಸ್ತ್ರಿ ಮಾಡೋರು, ನಾನು ಪೆಟ್ಟಿಗೆಗೆ ಕೆಂಡ ಮಾಡಿಕೊಡ್ತಿದ್ದೆ. ಆಮೇಲೆ ಮನೆಮನೆಗೂ ಕರೆಂಟ್ ಇಸ್ತ್ರಿ ಬಂತು. ಬಟ್ಟೆ ಬರೋದು ನಿಂತ್ಹೋಯ್ತು. ಅತ್ತೆ ಬೈಯೋದು ಮಾತ್ರ ನಿಲ್ಲಲಿಲ್ಲ." ಅಲ್ಲಿಂದ ಇಲ್ಲಿಗೆ. ದಿನಕ್ಕೆ ನಾಲ್ಕೈದು ಚೀಲ ಇದ್ದಿಲು ಅವರ ಕೈಯಲ್ಲಿ ಬೂದಿಯಾಗುತ್ತದೆ. ಮೊಣಕೈವರೆಗೆ ಸುಟ್ಟ ಗುರುತುಗಳಿವೆ. ಹುಬ್ಬು ಎಂಬುದು ಹೆಸರಿಗೆ ಮಾತ್ರ. ನೌಕರರ ಊಟ ಬೇರೆ. ಆರಿಹೋದ ಮಾಂಸದ ಚೂರೊಂದನ್ನು ಆಗೀಗ ನಿಂತಲ್ಲೇ ಬಾಯಿಗೆ ಹಾಕಿಕೊಂಡದ್ದುಂಟು. ಮೇಜಿಗೆ ಕೂತು ತಿಂದದ್ದು ಒಂದೇ ಸಲ, ಹೋದ ತಿಂಗಳು. ಅದಕ್ಕೂ ಕಾರಣ ಉಪಚಾರವಲ್ಲ.

ಮಾಲೀಕರು ಪರೀಕ್ಷೆಗೆಂದು ಗ್ಯಾಸ್ ಒಲೆಯೊಂದನ್ನು ತರಿಸಿದ್ದರು. "ಹೊಗೆ ಇಲ್ಲ, ಬೂದಿ ಇಲ್ಲ, ತಿರುವಿದ್ರೆ ಹತ್ಕೊಳ್ಳತ್ತೆ," ಎಂದು ಅದನ್ನು ಹೊಗಳಿ, ಕೊನೆಗೆ ಪಂದ್ಯವೊಂದನ್ನು ಇಟ್ಟರು: "ಒಂದು ಸುತ್ತು ಇದರದ್ದು, ಒಂದು ಸುತ್ತು ನಿಮ್ಮ ಇದ್ದಿಲಿನದ್ದು. ಯಾವುದು ಯಾವುದು ಅಂತ ಹೇಳಲ್ಲ. ಮನೆಯವರನ್ನೂ ಕರ್ಕೊಂಡು ಬಂದು ಕೂತು ತಿನ್ನಿ. ಇದ್ದಿಲಿನದ್ದು ಇದೇ ಅಂತ ನೀವು ಗುರುತು ಹಿಡಿದ್ರೆ ಇಟ್ಟಿಗೆ ಒಲೆ ಇರುತ್ತೆ. ಇಲ್ಲ ಅಂದ್ರೆ ಒಡೆಸಿಬಿಡ್ತೀನಿ."

ಆ ಸಂಜೆ ಕೆಂಡಕ್ಕ ಒಲೆಗೆ ಕೆಂಡ ಹದಮಾಡಿಟ್ಟು ಮನೆಗೆ ಹೋಗಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಮೊದಲ ಬಾರಿಗೆ ಮುಂಬಾಗಿಲಿನಿಂದ ಹೋಟೆಲಿಗೆ ಬಂದರು. ಗಡಿಯಾರ ರಿಪೇರಿ ಮಾಡುವ ಗಂಡ ಬಂದವರೇ, ಬೇಕಾದ್ದು ಬಡಿಸಿಕೊಳ್ಳಲೆಂದು ಇಟ್ಟಿದ್ದ ನಡುವಿನ ಕಟ್ಟೆಯಿಂದ ತಟ್ಟೆ ತುಂಬ ಸೊಪ್ಪು, ಬ್ರೆಡ್ಡು ತುಂಬಿಸಿಕೊಂಡರು.

"ರೀ, ಸೊಪ್ಪು ತಿನ್ನೋಕೆ ಇಲ್ಲೀತನಕ ಬರಬೇಕಿತ್ತಾ?"

"ಇಟ್ಟಿದ್ದಾರಲ್ಲೇ! ಬಿಟ್ರೆ ಬೇಜಾರು ಮಾಡ್ಕೊಳಲ್ವಾ?"

ಮೊದಲ ಸುತ್ತು ಬಂತು. ಎರಡನೆಯದೂ ಬಂತು. ಗಂಡ ಬೇಗನೆ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಿದರು. ಕೆಂಡಕ್ಕನ ಬಿಲ್ಲೆ ಮಾತ್ರ ಹಸಿರಾಗಿಯೇ ಇತ್ತು. ಬೆವರು ಒರೆಸಿಕೊಂಡು, ಸೊಂಟದ ಕಟ್ಟು ಸಡಿಲಿಸಿಕೊಂಡು ತಿಂದರು. ಬಡಿಸುವವನೇ ಸೋತು, "ಅಕ್ಕಾ, ಕೆಂಪು ತಿರುಗಿಸಕ್ಕಾ, ನೋಡೋಕಾಗ್ತಿಲ್ಲ," ಎಂದ.

"ತಿರುಗಿಸಿದ್ರೆ ಸರಳು ತುಂಬಿದ್ದು ತುಂಬಿದ ಹಾಗೇ ವಾಪಸ್ ಹೋಗುತ್ತೆ ತಮ್ಮಾ. ಆಮೇಲೆ ಒಳಗೆ ಬೈಸ್ಕೊಳ್ಳೋರು ಯಾರು? ನಾನು ಒಳಗಿನವಳಲ್ವಾ!"

ಈ ಮರ್ಯಾದೆಯಿಂದ ಹಾಳಾದದ್ದು ಪರೀಕ್ಷೆ. ಬಾಯಿ ಏನೇ ಹೇಳಲಿ, ರುಚಿಸದ ಸುತ್ತಿಗೆ ಬಿಲ್ಲೆ ತಾನಾಗಿ ಕೆಂಪಿಗೆ ತಿರುಗೀತೆಂದು ಮಾಲೀಕರು ಗಲ್ಲಾದಿಂದ ಕಣ್ಣಿಟ್ಟು ಕೂತಿದ್ದರು. ಅದು ತಿರುಗಲೇ ಇಲ್ಲ. ಕೊನೆಗೆ ಅವರೇ ಎದ್ದು ಬಂದು ನೇರವಾಗಿ ಕೇಳಿದರು: "ಯಾವುದು ನಿಮ್ಮದು?"

ಕೆಂಡಕ್ಕ ನೀರು ಕುಡಿದರು. "ಎರಡೂ ಚೆನ್ನಾಗಿತ್ತು ಸಾರ್. ನನಗೆ ಗೊತ್ತಾಗಲಿಲ್ಲ."

ವರ್ಷಗಟ್ಟಲೆ ಹೊಗೆ ಕುಡಿದ ಮೂಗಿಗೆ ಎಲ್ಲದರಲ್ಲೂ ಹೊಗೆಯೇ. ಮನೆಯ ಸೋಪಿನಲ್ಲೂ ಇದ್ದಿಲು ನಾರುತ್ತದಂತೆ.

ಹಾಗೆಂದು ಉತ್ತರ ಅವರ ಕೈಗೆ ಸಿಗದೆ ಹೋಗಿರಲಿಲ್ಲ. ಎರಡನೆಯ ಸುತ್ತಿನ ಸರಳು ತಂದಾಗ ಬಡಿಸುವವನು ಜೋರಾಗಿ ಎರಡು ಸಲ ಕೆಮ್ಮಿದ್ದ. ಮನೆಗೆ ಮರಳುವ ದಾರಿಯುದ್ದಕ್ಕೂ ಗಂಡನ ಗೊಣಗಾಟ ಅದರದ್ದೇ: "ಅಷ್ಟು ಕೆಮ್ಮಿದನಲ್ಲೇ ಪಾಪ, ಎರಡನೇದು ಅಂದುಬಿಡೋಕೇನಾಗಿತ್ತು?"

"ಕೆಮ್ಮು ಕೇಳಿಸ್ತು ರೀ. ನಾಲಿಗೆ ಏನೂ ಹೇಳಲಿಲ್ವಲ್ಲ."

ಈ ತಿಂಗಳ ಕೊನೆಗೆ ಒಲೆ ಒಡೆಯುವವರು ಬರುತ್ತಾರೆ. ಗ್ಯಾಸಿನ ಮುಂದೆಯೂ ಯಾರಾದರೂ ನಿಲ್ಲಲೇಬೇಕು. ಯಾರು ಎಂದು ಮಾಲೀಕರು ಇನ್ನೂ ಬಾಯಿ ಬಿಟ್ಟಿಲ್ಲ. ಕೇಳಿದರೆ, "ಯೋಚಿಸ್ತಿದ್ದೀನಿ," ಎನ್ನುತ್ತಾರೆ. ಕೆಂಡಕ್ಕ ಕೇಳಲು ಹೋಗಿಲ್ಲ. ಮಧ್ಯಾಹ್ನದ ಊಟಕ್ಕೆ ಹೊತ್ತಾಗುತ್ತಿದೆ, ಮೊದಲ ಸರಳುಗಳು ಬೆಂಕಿಗೆ ಏರಿವೆ.

"ಬೇಜಾರಿಲ್ವಾ?" ಎಂದರೆ ಮಾಂಸ ತಿರುವುವುದನ್ನು ನಿಲ್ಲಿಸದೆ ಹೇಳುತ್ತಾರೆ: "ಬೇಜಾರು ಇಲ್ಲದೆ ಏನು. ಆದ್ರೆ ಯಾರದ್ದು ಅಂತ ಗೊತ್ತಿಲ್ದೆ ತಿಂದೆ, ಚೆನ್ನಾಗಿದೆ ಅನ್ನಿಸ್ತು. ಅದರಲ್ಲಿ ಒಂದು ನಂದೇ."