ಆಯಿ ಎಣಿಸದ ತಿಂಗಳು

ಕೆಂಡದ ಮೇಲೆ ಅಜಿವಾನದ ಕಾಳು ಉದುರಿಸಿದ ಹೊಗೆ ಯಾರ ಮನೆಯಿಂದ ಬಂದರೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಬಾಣಂತಿ ಕೋಣೆಯ ವಾಸನೆ ಅದು. ಏಕಸಂಬಿಯ ನಮ್ಮ ಕೂಡುಮನೆಯಲ್ಲಿ ಆ ಕೋಣೆ ವರ್ಷಕ್ಕೊಮ್ಮೆಯಾದರೂ ತುಂಬುತ್ತಿತ್ತು. ಈಗ ಮನೆ ಮೂರು ಪಾಲಾಗಿ, ಆ ಕೋಣೆಯ ನಡುವೆಯೇ ಗೋಡೆ ಎದ್ದಿದೆ. ಆಗ ಅಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಹೇಳಿದ್ದೇ ಕಾನೂನು. ಬಸುರಿಯರ ತಿಂಗಳು ಎಣಿಸುವವಳೂ ಅವಳೇ. ಆ ಎಣಿಕೆಯಲ್ಲಿ ಎಂಟು ಇರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ಕೇಡೆಂದು ಆ ತಿಂಗಳಿಡೀ ಏಳು ಎನ್ನುತ್ತಿದ್ದಳು, ಬಸುರಿಯನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಆಮೇಲೆ ನೇರ ಒಂಬತ್ತು. ಶಾಲೆಯಲ್ಲಿ ನಾನು ಹಾಗೆ ಎಣಿಸಿದ್ದರೆ ಬೆನ್ನಿಗೆ ಬೀಳುತ್ತಿತ್ತು.

ಅಪ್ಪನ ತಮ್ಮ ಕಾಕಾನ ಹೆಂಡತಿ, ನಮ್ಮ ಕಾಕು, ಎರಡನೆಯ ಸಲ ಬಸುರಾದಾಗಲೂ ಇದೇ ಲೆಕ್ಕ. ತಪಾಸಣೆಗೆ ಕರೆಯಲು ಆಶಾ ಕಾರ್ಯಕರ್ತೆ ಶಾಂತಕ್ಕ ತಿಂಗಳ ಲೆಕ್ಕ ಬರೆದ ತಾಯಿ ಕಾರ್ಡು ಹಿಡಿದುಕೊಂಡು ಬಂದರೆ ಆಯಿ, "ಇನ್ನೂ ಏಳರಾಗ ಅದಾಳವ್ವಾ, ಮುಂದ ನೋಡೂಣು," ಎಂದು ಚಹಾ ಕುಡಿಸಿ ಕಳಿಸಿದಳು. ಅಷ್ಟು ಬಾಣಂತನ ಮಾಡಿದವಳ ಮುಂದೆ ಶಾಂತಕ್ಕನಿಗೆ ತನ್ನ ಕಾರ್ಡಿನ ಮೇಲೇ ಅನುಮಾನ ಬಂತು. ಒಂದು ಮಧ್ಯಾಹ್ನ ಕಾಕು ನನ್ನ ಜೊತೆ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, "ಕಾಳ ಎರಡೆರಡ ಕಾಣಾಕತ್ತಾವ," ಎಂದಳು. ಕಾಲು ಬಾತು ಕಾಲುಂಗುರ ಚರ್ಮದೊಳಗೆ ಹೂತಿತ್ತು. ನಾನು ಓಡಿಹೋಗಿ ಶಾಂತಕ್ಕನನ್ನು ಕರೆತಂದೆ. ಅವಳು ಪಾದದ ಮೇಲೆ ಹೆಬ್ಬೆರಳು ಒತ್ತಿದಳು, ಬಿದ್ದ ಕುಣಿ ಮೇಲೇಳಲಿಲ್ಲ.

"ಖರೇ ಹೇಳ್ರಿ ಆಯಿ. ಎಷ್ಟನೇದು?"

ಆಯಿ ಬಗ್ಗಿ ಆ ಕುಣಿಯ ಮೇಲೆ ತಾನೂ ಬೆರಳಿಟ್ಟು ನೋಡಿದಳು. "ಎಂಟು. ನನ್ನ ಚೊಚ್ಚಲ ಕೂಸು ಇದ ತಿಂಗಳದಾಗ ಹೋತವ್ವಾ. ಅದಕ್ಕ ಬಾಯಾಗ ತರತಿದ್ದಿಲ್ಲ."

ಅಪ್ಪನಿಗಿಂತ ಮೊದಲು ಒಂದು ಕೂಸಿತ್ತೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

"ನೂರಾಎಂಟಕ್ಕ ಫೋನ್ ಹಚ್ಚತೀನ್ರಿ," ಎಂದಳು ಶಾಂತಕ್ಕ.

"ಅದರಾಗೂ ಎಂಟ ಐತೇನು? ಇರಲಿ, ಲಗೂನ ಹಚ್ಚ."

ಗಾಡಿ ಬಂದಾಗ ಆಯಿ ತಾನೇ ಕಾಕುವಿನ ಸೊಂಟ ಹಿಡಿದು ಹೊಸ್ತಿಲು ದಾಟಿಸಿದಳು, ತಾನೂ ಹತ್ತಿ ಕೂತಳು. ಚಿಕ್ಕೋಡಿಯ ದವಾಖಾನೆಯಲ್ಲಿ ಡಾಕ್ಟರಬಾಯಿ, ಬಿಪಿ ತಲೆಗೇರಿದೆ, ಇನ್ನಷ್ಟು ತಡವಾಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದಳಂತೆ. ಹೆಣ್ಣು ಹುಟ್ಟಿತು. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂತು. ಆಯಿ ಅದನ್ನು ಎತ್ತಿಕೊಂಡು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಲ್ಲಿಗೇ ಸುಮ್ಮನಾಗಿದ್ದರೆ ಯಾರೂ ಅವಳನ್ನು ಕೇಳುತ್ತಿರಲಿಲ್ಲ, ಮನೆಯ ಮಾತು ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಬಸುರಿ ಇರುವ ಮನೆಗಳಿಗೆಲ್ಲ ಆಯಿ ಶಾಂತಕ್ಕನ ಜೊತೆ ಹೋಗತೊಡಗಿದಳು. ಜೈನರ ಮನೆಯಿರಲಿ, ಮುಸಲ್ಮಾನರ ಮನೆಯಿರಲಿ, ಒಳಗೆ ಹೋಗಿ ನೇರ ಅತ್ತೆಯ ಎದುರಿಗೇ ಕೂರುತ್ತಿದ್ದಳು. ಸೊಸೆಗೆ ದವಾಖಾನೆಯ ದಾರಿ ಬಿಡಬೇಕಾದವಳು ಅತ್ತೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? "ನಾ ಸುಳ್ಳ ಲೆಕ್ಕ ಹೇಳಿ ಸೊಸೀನ್ನ ಕಳಕೋತಿದ್ನಿ. ನೀವು ಹಂಗ ಮಾಡಬ್ಯಾಡ್ರಿ," ಎನ್ನುತ್ತಿದ್ದಳು. ಮರಾಠಿ ಮನೆಯಾದರೆ ಅದನ್ನೇ ಮರಾಠಿಯಲ್ಲಿ ಹೇಳುತ್ತಿದ್ದಳು. ಕೆಲವರು ಮುಖ ತಿರುಗಿಸಿದರು. ಮರುದಿನ ಮತ್ತೆ ಹೋದಳು.

ಆಯಿ ಹೋಗಿ ಬಹಳ ವರ್ಷವಾಯಿತು. ನಮ್ಮ ಓಣಿಯಲ್ಲಿ ತಪ್ಪೇ ಮಾಡದ ಹಿರಿಯರು ಬಹಳ ಮಂದಿ ಇದ್ದರು. ಪರರ ಅಂಗಳದಲ್ಲಿ ಕೂತು ನನ್ನದು ತಪ್ಪಾಗಿತ್ತು ಎಂದವಳು ಅವಳೊಬ್ಬಳೇ. ಅವಳ ಮೊಮ್ಮಗಳು ನಾನು.