ಕಪಾಟು ಬೆಳ್ಳಗಾದ ದಿನ

ವಸಂತಣ್ಣ, ಅವತ್ತು ಒಲೆ ಹಚ್ಚಿದ್ದು ನಾನೇ. ನೀವು ಕೇಳಿದಾಗ "ಇಲ್ಲ" ಅಂದದ್ದು ಸುಳ್ಳು.

ನಾಲ್ಕು ವರ್ಷವಾಯಿತು. ಮುಂಡಾಜೆಯ ನಮ್ಮ ಮನೆಯಲ್ಲಿ, ಅಡುಗೆಕೋಣೆಗೆ ತಾಗಿದ ಚಾವಡಿಯಲ್ಲಿ, ನೀವು ಹಲಸಿನ ಮರದ ಕಪಾಟಿಗೆ ಲ್ಯಾಕರ್ ಸ್ಪ್ರೇ ಮಾಡಿದ್ದಿರಿ. ಕೊನೆಯ ಕೋಟ್ ಮುಗಿಸಿ, "ಅಕ್ಕ, ಇದು ಒಣಗುವ ತನಕ ಬೆಂಕಿ ಬೇಡ, ಹಬೆಯೂ ಬೇಡ, ತಾಗಿದರೆ ಬೆಳ್ಳಗಾಗ್ತದೆ" ಅಂದು ಊಟಕ್ಕೆ ಪೇಟೆಗೆ ಹೋದಿರಿ. ನಾನು ತಲೆಯಾಡಿಸಿದೆ. ಮತ್ತೆ — ಕುಚ್ಚಲಕ್ಕಿ ಬೇಯಲು ಹೊತ್ತು ಬೇಕಲ್ಲ ಎಂದೋ, ನಡುವಿನ ಬಾಗಿಲು ಹಾಕಿದರೆ ಸಾಕೆಂದೋ — ಅನ್ನಕ್ಕಿಟ್ಟೆ. ಬಾಗಿಲು ಯಾವಾಗ ತೆರೆದುಕೊಂಡಿತೋ. ಗಂಜಿ ಬಸಿಯಲಿಟ್ಟು ಬಂದು ನೋಡುವಾಗ ಕಪಾಟಿನ ಮೈತುಂಬ ತೆಳು ಹಾಲಿನಂಥ ಬಿಳುಪು.

ಊಟ ಮುಗಿಸಿ ಬಂದ ನೀವು ಕಪಾಟು ನೋಡಿ ಕೇಳಿದಿರಿ, "ಅಕ್ಕ, ಒಲೆ ಹಚ್ಚಿದಿರಾ?"

"ಇಲ್ಲ."

ಓರೆಯಾಗಿಟ್ಟ ಪಾತ್ರೆಯಿಂದ ಗಂಜಿ ಇನ್ನೂ ತೊಟ್ಟಿಕ್ಕುತ್ತಿತ್ತು. ನಿಮ್ಮ ಕಣ್ಣು ಒಮ್ಮೆ ಅಲ್ಲಿಗೆ ಹೋಯಿತು — ಅಥವಾ ಹಾಗೆ ನನಗನ್ನಿಸಿತು.

ಅಷ್ಟರಲ್ಲಿ ನಮ್ಮವರು ಊಟಕ್ಕೆ ಬಂದರು. "ಎಂತ ಮಾರಾಯ ವಸಂತ, ಕಪಾಟಿಗೆ ಸುಣ್ಣ ಬಳಿದದ್ದಾ?"

"ನನ್ನದೇ ತಪ್ಪು ಅಣ್ಣ. ಗಾಳಿಯಲ್ಲಿ ಪಸೆ ಉಂಟು, ನಾನು ನೋಡಬೇಕಿತ್ತು. ಸರಿ ಮಾಡ್ತೇನೆ."

ಲ್ಯಾಕರ್ ಕರಗಿಸುವ ತಿನ್ನರನ್ನು ಮಾತ್ರ ಸ್ಪ್ರೇ ಗನ್ನಿಗೆ ಹಾಕಿ, ದೂರದಿಂದ ಮಂಜಿನ ಹಾಗೆ ಹಾಯಿಸಿದಿರಿ. ಬಿಳುಪು ಕರಗುತ್ತಾ ಬಂತು. ಒಂದು ಮೂಲೆ ಮಾತ್ರ ಬಿಡಲಿಲ್ಲ. ಮರುದಿನ ಬಂದು ಅಷ್ಟನ್ನು ಉಜ್ಜಿ ಮತ್ತೆ ಹೊಡೆದಿರಿ. ಕಪಾಟೇನೋ ಸರಿಯಾಯಿತು. ಆದರೆ ಗುರುವಾಯನಕೆರೆಯಲ್ಲಿ ಹೊಸ ಮನೆ ಕಟ್ಟುತ್ತಿದ್ದ ನನ್ನ ಮೈದುನನಿಗೆ ಇವರು, "ಅವನ ಕೈ ನಂಬುವ ಹಾಗಿಲ್ಲ" ಅಂದರು. ನಿಮಗೆ ಸಿಗಬೇಕಿದ್ದ ಬಾಗಿಲು-ಕಿಟಕಿಗಳ ಪಾಲಿಶ್ ಕೆಲಸ ಮೂಡುಬಿದಿರೆಯವರಿಗೆ ಹೋಯಿತು. ಇವರು ಹಾಗಂದಾಗ ನಾನು ಪಕ್ಕದಲ್ಲೇ ಸಾರು ಬಡಿಸುತ್ತಿದ್ದೆ.

ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ನನ್ನನ್ನು ಉಳಿಸಿದಿರೇ? ಅವತ್ತು ಮೋಡವೂ ಇತ್ತು — ಹಬೆಯಿಂದಲೇ ಆದದ್ದೆಂದು ಹೇಗೆ... ಹೀಗೆ ಮೋಡವನ್ನು ಹಿಡಿದುಕೊಂಡೇ ಇಷ್ಟು ದಿನ ಕಳೆದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕೇಳಿದರೆ ಎದ್ದು ನಿಂತು ನಿಜ ಹೇಳುತ್ತಿದ್ದ ಹುಡುಗಿ ನಾನೇ ಎಂದರೆ ನನಗೇ ನಂಬಿಕೆ ಬರುವುದಿಲ್ಲ.

ಕಳೆದ ಭಾನುವಾರ ಮೈದುನ ಊಟಕ್ಕೆ ಬಂದಿದ್ದ. ಅವನ ಮನೆಯ ಮಹಡಿಯ ಬಾಗಿಲುಗಳಿಗೆ ಪಾಲಿಶ್ ಆಗಬೇಕಂತೆ. "ವಸಂತ ಬೇಡ," ಇವರು ಮತ್ತೆ ಅಂದರು.

"ತಪ್ಪು ಅವರದ್ದಲ್ಲ. ಬೇಡ ಅಂದರೂ ಅನ್ನಕ್ಕಿಟ್ಟದ್ದು ನಾನು."

ಇಬ್ಬರೂ ಉಣ್ಣುವುದನ್ನು ನಿಲ್ಲಿಸಿದರು. "ಇಷ್ಟು ವರ್ಷ ಬಾಯಲ್ಲಿ ಎಂತ ಇತ್ತು ನಿನಗೆ?" ಅಂದರು ಇವರು.

ಅವರಿಬ್ಬರು ನಿಮ್ಮನ್ನು ಕೆಲಸಕ್ಕೆ ಕರೆಯುತ್ತಾರೋ ಇಲ್ಲವೋ ತಿಳಿಯದು. ಆದರೂ ನಾಳೆ ನಿಮ್ಮ ಮನೆಗೆ ಬಂದು ಇದನ್ನೆಲ್ಲ ನಿಮ್ಮೆದುರೇ ಹೇಳುತ್ತೇನೆ.