ಮಿಲ್ಲಿನ ದೊಡ್ಡವ್ವ ಕೇಳಿದ ಪ್ರಶ್ನೆ

ಕಳೆದ ತಿಂಗಳು ನನ್ನ ಹಳೆಯ ಫೋನನ್ನು ಸತ್ಯಮಂಗಲದ ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದೆ. ಅದರಲ್ಲಿ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಅಂಗಡಿಯವರು ಹಿಂಬದಿಯ ಮುಚ್ಚಳವನ್ನು ತೆಗೆದು, ಸ್ಪೀಕರಿನ ಜಾಲರಿಯನ್ನು ಸಣ್ಣ ಬ್ರಷ್ಷಿನಿಂದ ತಿಕ್ಕಿದಾಗ ಮೇಜಿನ ಮೇಲೆ ಬೂದು ಬಣ್ಣದ ಪುಡಿ ಉದುರಿತು. ಇದೇನು, ಸಿಮೆಂಟೇ ಎಂದು ತಮಿಳಿನಲ್ಲಿ ಕೇಳಿದರು. ನಾನು ಬೆರಳ ತುದಿಯಿಂದ ಮುಟ್ಟಿ ನೋಡಿದೆ. ರಾಗಿ ಹಿಟ್ಟು...

ಕಾಲೇಜುಗಳು ಮುಚ್ಚಿ ಎಲ್ಲರೂ ಮನೆ ಸೇರಿದ್ದ ಆ ವರ್ಷ ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ನಮ್ಮ ಮನೆಯಲ್ಲಿ ಹತ್ತನೆಯ ತರಗತಿಯನ್ನು ದಾಟಿದವಳು ನಾನೊಬ್ಬಳೇ. ಸತ್ಯಮಂಗಲದ ಘಾಟಿಯ ಮೇಲೆ, ತಮಿಳು ಸೀಮೆಯಲ್ಲಿದ್ದೂ ಕನ್ನಡವಾಡುವ ಪಣಕಹಳ್ಳಿಯ ಪಕ್ಕದ ನಮ್ಮ ಕೇರಿಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಸಿಗುತ್ತಿದ್ದುದು ಒಂದೇ ಕಡೆ, ಹಿಟ್ಟಿನ ಮಿಲ್ಲಿನ ಜಗಲಿಯ ಮೇಲೆ. ಆ ಮಿಲ್ಲನ್ನು ನಡೆಸುತ್ತಿದ್ದವರು ಗಂಡನನ್ನು ಕಳೆದುಕೊಂಡಿದ್ದ ಒಬ್ಬ ಹಿರಿಯ ಹೆಂಗಸು. ಊರಿಗೆಲ್ಲ ಅವರು ಮಿಲ್ಲಿನ ದೊಡ್ಡವ್ವ. ತಲೆಗೆ ವಸ್ತ್ರ ಸುತ್ತಿಕೊಂಡು, ರೆಪ್ಪೆಯ ಮೇಲೂ ಹಿಟ್ಟು ಕೂರಿಸಿಕೊಂಡು ಓಡಾಡುತ್ತಿದ್ದರು. ನಾನು ಜಗಲಿಯ ಮೂಲೆಯಲ್ಲಿ ಕೂರಬಹುದೇ ಎಂದು ಮೊದಲ ದಿನ ಅಂಜುತ್ತ ಕೇಳಿದಾಗ, ಅವರು ಒಂದು ಖಾಲಿ ಗೋಣಿಚೀಲವನ್ನು ಹಾಸಿದ್ದರು.

ನಮ್ಮ ಸಸ್ಯಶಾಸ್ತ್ರದ ಅಧ್ಯಾಪಕರು ಆರಾರು ವಿದ್ಯಾರ್ಥಿಗಳ ಗುಂಪುಗಳನ್ನು ಮಾಡಿ, ಪ್ರತಿ ಗುಂಪಿಗೂ ಒಂದೊಂದು ಪ್ರಶ್ನೆಯನ್ನು ಕೊಟ್ಟಿದ್ದರು. ಫೋನಿನ ಗುಂಪಿನಲ್ಲಿ ಚರ್ಚಿಸಿ, ಕೊನೆಗೆ ಎಲ್ಲರೂ ಸೇರಿ ಒಂದು ಬರಹವನ್ನು ಒಪ್ಪಿಸಬೇಕಿತ್ತು. ಸುಮ್ಮನೆ 'ಸರಿ', 'ಚೆನ್ನಾಗಿದೆ' ಎಂದು ಬರೆಯುವಂತಿರಲಿಲ್ಲ. ಹಿಂದಿನವರ ಮಾತಿಗೆ ಏನನ್ನಾದರೂ ಸೇರಿಸಬೇಕು, ಇಲ್ಲವೇ ಪ್ರಶ್ನಿಸಬೇಕು. ನಾವು ಬರೆದುದರ ಬಗ್ಗೆ ಯಾರಾದರೂ ಕೇಳಿದರೆ ನಮ್ಮದೇ ಮಾತಿನಲ್ಲಿ ಉತ್ತರಿಸಬೇಕು. ಉತ್ತರಿಸದವರಿಗೆ ಆಂತರಿಕ ಅಂಕವಿಲ್ಲ, ಅಂಕವಿಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ.

ಹಿಂದಿನವರು ಧಾನ್ಯವನ್ನು ಹುಳ ಹಿಡಿಯದಂತೆ ವರ್ಷಗಟ್ಟಲೆ ಹೇಗೆ ಕಾಪಾಡುತ್ತಿದ್ದರು ಎಂಬುದು ನಮ್ಮ ಗುಂಪಿನ ಪ್ರಶ್ನೆ. ಉಳಿದ ಐವರೂ ಘಾಟಿಯ ಕೆಳಗಿನ ಊರುಗಳವರು, ತಮಿಳಿನಲ್ಲಿ ಸರಾಗವಾಗಿ ಬರೆಯುತ್ತಿದ್ದರು. ಕನ್ನಡ ಶಾಲೆಯಲ್ಲಿ ಓದಿದ ನನ್ನ ತಮಿಳು ಸಂತೆಯ ತಮಿಳು. ತಪ್ಪಾದರೆ ನಗುತ್ತಾರೆಂಬ ಭಯದಿಂದ ನಾನು ಅಂತರ್ಜಾಲದಿಂದ ಒಂದು ಇಂಗ್ಲಿಷ್ ಪ್ಯಾರಾವನ್ನು ಹಾಗೆಯೇ ಎತ್ತಿ ಹಾಕಿದೆ. ಅದು ಹಗೇವಿನ ಬಗ್ಗೆ, ಅಂದರೆ ರಾಗಿಯನ್ನು ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಿರಿದಾದ ಬಾಯಿಯ ಗುಂಡಿಯ ಬಗ್ಗೆ ಇತ್ತು. ಈರೋಡಿನ ಸಹಪಾಠಿಯೊಬ್ಬ ಕೂಡಲೇ ಕೇಳಿದ: ಮುಚ್ಚಿದ ಗುಂಡಿಯಲ್ಲಿ ಹುಳ ಏಕೆ ಸಾಯುತ್ತದೆ? ನೀನು ನೋಡಿದ್ದೀಯಾ?

ನಾನು ನೋಡಿರಲಿಲ್ಲ. ಎತ್ತಿ ಹಾಕಿದ ಪ್ಯಾರಾ ನನಗೇ ಅರ್ಥವಾಗಿರಲಿಲ್ಲ. ಮೂರು ದಿನ ಉತ್ತರಿಸಲಿಲ್ಲ. ಪ್ರಶ್ನೆಗೆ ಉತ್ತರಿಸಲು ಶುಕ್ರವಾರ ಕೊನೆಯ ದಿನವಾಗಿತ್ತು. ಓದು ಸಾಕೆಂದು ಅಪ್ಪನಿಗೆ ಹೇಳಲು ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಅಪ್ಪ ಸಿಕ್ಕಿದವರಿಗೆಲ್ಲ ನನ್ನ ಕಾಲೇಜಿನ ಸುದ್ದಿಯನ್ನೇ ಹೇಳುತ್ತಿದ್ದರು...

ಗುರುವಾರ ಕರೆಂಟು ಹೋಗಿ ಮಿಲ್ಲು ನಿಂತಿತು. ದೊಡ್ಡವ್ವ ನನ್ನ ಪಕ್ಕ ಬಂದು ಕುಳಿತರು.

"ಯಾಕಮ್ಮಿ, ಮೂರು ದಿನದಿಂದ ಆ ಪೋನಿನ ಮೊಕವ ನೋಡ್ಕಂಡು ಕೂತಿದ್ದೀಯೆ? ಅದ್ಕೇನಾರ ಮದ್ವೆ ಗೊತ್ತಾಯ್ತಾ?"

ನನಗೆ ಅಳು ಬಂದಿತು. ಎಲ್ಲವನ್ನೂ ಹೇಳಿದೆ. ಹಗೇವು ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಗೊಳ್ಳೆಂದು ನಕ್ಕರು.

"ಅಯ್, ಅಗೇವಾ? ಸಣ್ಣೋಳಾಗಿದ್ದಾಗ ಸೊಂಟಕ್ಕೆ ಅಗ್ಗ ಕಟ್ಟಿ ನನ್ನೇ ಒಳೀಕೆ ಬುಡೋರು ಕಣಮ್ಮಿ! ಬಾಯಿ ಕಿರಿದು, ದೊಡ್ಡೋರು ಇಡಿಸ್ತಿರ್ನಿಲ್ಲ. ಆದ್ರ ಮೊದ್ಲು ದೀಪ ಇಳುಸ್ಬೇಕು. ದೀಪ ಆರೋಯ್ತು ಅಂದ್ರೆ ಯಾರೂ ಇಳೀಬಾರ್ದು. ನಮ್ಮಣ್ಣ ಒಂದ್ಸಲ ದೀಪ ಬುಡ್ದೆ ಇಳುದ್ಬುಟ್ಟ. ಅಗ್ಗ ಅಲ್ಲಾಡ್ನಿಲ್ಲ. ಮೇಲಕ್ಕೆಳುದ್ರೆ ಮಾತಿಲ್ಲ ಕತೆಯಿಲ್ಲ. ಮೊಕಕ್ಕೆ ನೀರ ಎರಚಿ, ಬೀಸಿ ಬೀಸಿ... ಆಮ್ಯಾಕೆ ಉಸ್ರು ಬಂತು."

ಇದನ್ನು ಬರೆದು ಕಳುಹಿಸಲೇ ಎಂದೆ. ಬರೆಯುವುದೇಕೆ, ಅವರಿಗೂ ಕಿವಿಯಿಲ್ಲವೇ ಎಂದು ಅವರು ಫೋನನ್ನು ತಮ್ಮ ಬಾಯಿಯ ಬಳಿಗೆ ಎಳೆದುಕೊಂಡರು. ಅವರ ಮಾತನ್ನು ಧ್ವನಿಸಂದೇಶವಾಗಿ ಕಳುಹಿಸಿ, ಹಿಂದೆಯೇ ನನ್ನ ಸಂತೆಯ ತಮಿಳಿನಲ್ಲಿ ಅದರ ಅರ್ಥವನ್ನು ಹೇಳಿದೆ. ನನ್ನ ಪ್ಯಾರಾ ಎತ್ತಿ ಹಾಕಿದ್ದೆಂದೂ ಒಪ್ಪಿಕೊಂಡೆ.

ಯಾರೂ ನಗಲಿಲ್ಲ. ಗೋಬಿ ಪಟ್ಟಣದ ಗೆಳತಿ, ದೀಪ ಆರಿದರೆ ಒಳಗೆ ಆಮ್ಲಜನಕವಿಲ್ಲವೆಂದೇ ಅರ್ಥ ಎಂದು ಬರೆದಳು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಮೇಲೆ ಹೊಸ ಗಾಳಿ ಬರುವುದಿಲ್ಲ, ಸರಿ, ಒಳಗಿದ್ದ ಗಾಳಿಯನ್ನು ಮುಗಿಸಿದವರು ಯಾರು ಎಂದು ಈರೋಡಿನವನು ಕೇಳಿದ. ಕಾಳೂ ಉಸಿರಾಡುತ್ತದೆ ಎಂಬ ಹಳೆಯ ಪಾಠವನ್ನು ಇನ್ನೊಬ್ಬಳು ನೆನಪಿಸಿದಳು. ಹಾಗಾದರೆ ರಾಗಿಯೇ ಗಾಳಿಯನ್ನು ಮುಗಿಸುತ್ತದೆ, ಅದರಿಂದಲೇ ಹುಳ ಸಾಯುತ್ತದೆ ಎಂದು ಬರೆದವಳು ನಾನು. ಬೆಳಿಗ್ಗೆ ಆರು ಜನರಲ್ಲಿ ಒಬ್ಬರಿಗೂ ಗೊತ್ತಿರದ ಉತ್ತರ, ಸಂಜೆಯ ಹೊತ್ತಿಗೆ ಆರು ಜನರದೂ ಆಗಿತ್ತು. ಅಧ್ಯಾಪಕರು ಒಂದೇ ಸಾಲು ಬರೆದರು: ಈಗ ಇದು ನಿಮ್ಮ ಉತ್ತರ.

ನಾನು ಅದನ್ನು ದೊಡ್ಡವ್ವನಿಗೆ ವಿವರಿಸಿದೆ. ರಾಗಿ ಬೀಸಿಸಲು ತಿಗನಾರೆಯಿಂದ ಬಂದಿದ್ದ ಯುವಕನೊಬ್ಬ, "ಏನ್ ದೊಡ್ಡವ್ವ, ಮಿಲ್ಲಲ್ಲಿ ಕಾಲೇಜು ತಗುದ್ಬುಟ್ಯಾ?" ಎಂದು ಕೆಣಕಿದ.

"ಊ ಕಣ್ಲಾ. ನೀನೂ ಸೇರ್ಕೊ, ಎಂಟ್ನೇ ಕ್ಲಾಸ ಪಾಸ್ ಮಾಡ್ಕಂಡು ಬಾ ಮೊದ್ಲು," ಎಂದು ಅವನನ್ನು ಸುಮ್ಮನಾಗಿಸಿ, ನನ್ನ ಕಡೆ ತಿರುಗಿದರು. "ರಾಗಿ ಉಸ್ರಾಡ್ತದೆ ಅಂತೀಯೆ. ಸರಿ. ಅಗೇವಿನ ರಾಗಿ ಉಣ್ಣಾಕೆ ಚೆಂದಾಗೇ ಇರ್ತಿತ್ತು. ಬಿತ್ತುದ್ರೆ ಮಾತ್ರ ಮೊಳ್ಕ ಸರ್ಯಾಗಿ ಬತ್ತಿರ್ನಿಲ್ಲ. ಬಿತ್ತನೆ ರಾಗಿಯ ಬ್ಯಾರೆ ಇಡ್ತಿದ್ದೊ. ಅದ್ಯಾಕೆ? ಆ ಈರೋಡು ಐದನ್ನ ಕೇಳಮ್ಮಿ."

ಕೇಳಿದೆ. ಆ ಈರೋಡಿನ ಹುಡುಗನಿಗೂ ಗೊತ್ತಿರಲಿಲ್ಲ. ಅದೇ ನಮ್ಮ ಬರಹದ ಎರಡನೆಯ ಭಾಗವಾಯಿತು. ಆರು ಮನೆಗಳಲ್ಲಿ ಆರು ಜನ, ಒಂದು ಬಾಟಲಿಯಲ್ಲಿ ಒಣ ರಾಗಿಯನ್ನೂ ಇನ್ನೊಂದರಲ್ಲಿ ತುಸು ತೇವದ ರಾಗಿಯನ್ನೂ ಬಿಗಿಯಾಗಿ ಮುಚ್ಚಿಟ್ಟೆವು. ನನ್ನ ಬಾಟಲಿಗಳನ್ನು ದೊಡ್ಡವ್ವ ಮಿಲ್ಲಿನ ಗೂಡಿನಲ್ಲಿ ಇರಿಸಿ, ಯಾರೂ ಮುಟ್ಟದಂತೆ ಕಾದರು. ಅಷ್ಟರಲ್ಲಿ ಕಾಲೇಜು ತೆರೆಯಿತು. ನಾನು ಬಾಟಲಿಗಳನ್ನು ಚೀಲದಲ್ಲಿಟ್ಟುಕೊಂಡು ಘಾಟಿ ಇಳಿದೆ. ಒದ್ದೆ ಬಟ್ಟೆಯ ಮೇಲೆ ಹರಡಿದಾಗ ಆರೂ ಜನರ ಒಣ ರಾಗಿ ಮೊಳೆಯಿತು. ತೇವದ ರಾಗಿಯಲ್ಲಿ ಬೆರಳೆಣಿಕೆಯಷ್ಟು ಮಾತ್ರ. ನೆಲದ ತೇವ ತಗುಲಿ, ಗಾಳಿಯಿಲ್ಲದೆ ಕಾಳಿನೊಳಗಿನ ಮೊಳಕೆಯ ಜೀವ ಮೆಲ್ಲಗೆ ಸಾಯುತ್ತದೆ, ಸುತ್ತಲಿನ ಹಿಟ್ಟು ಮಾತ್ರ ಉಳಿಯುತ್ತದೆ ಎಂದು ನಾವು ಬರೆದು ಒಪ್ಪಿಸಿದೆವು. ನನಗೆ ಅಂಕ ಬಂದಿತು. ಓದು ನಿಲ್ಲಲಿಲ್ಲ.

ಇದನ್ನು ದೊಡ್ಡವ್ವನಿಗೆ ಹೇಳಬೇಕೆಂದುಕೊಂಡೆ. ಆದರೆ ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆನಿಸಿತು. ಪದವಿಯಾಗಲಿ, ಪ್ರಮಾಣಪತ್ರವನ್ನು ಅವರ ಕೈಯಲ್ಲಿಟ್ಟು, ಕಾಲಿಗೆರಗಿ, ನಿಧಾನವಾಗಿ ಎಲ್ಲವನ್ನೂ ವಿವರಿಸೋಣವೆಂದುಕೊಂಡೆ. ಊರಿಗೆ ಬಂದಾಗಲೂ, ಇನ್ನೂ ಪ್ರಮಾಣಪತ್ರ ಬಂದಿಲ್ಲವಲ್ಲ ಎಂದು ಮಿಲ್ಲಿನ ಕಡೆ ಹೋಗಲು ಸಂಕೋಚಪಟ್ಟೆ. ಪದವಿ ಮುಗಿದು ಮುಂದಿನ ಓದಿಗೆ ಸೇರಿದೆ. ಊರಿಗೆ ಬರುವುದೇ ಅಪರೂಪವಾಯಿತು...

ಕೊನೆಗೆ, ರಿಪೇರಿ ಅಂಗಡಿಗೆ ಹೋಗಿ ಬಂದ ವಾರವೇ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಊರಿಗೆ ಹೋಗಿ, ಬಸ್ಸಿಳಿದು ನೇರವಾಗಿ ಮಿಲ್ಲಿಗೆ ನಡೆದೆ. ಮಿಲ್ಲಿಗೆ ಬೀಗ ಹಾಕಿತ್ತು. ಕಾಯಿಲೆ ಬಿದ್ದ ಅವರನ್ನು ಗೆಟ್ಟವಾಡಿಯಲ್ಲಿರುವ ಮಗಳು ಕರೆದೊಯ್ದಿದ್ದಾರೆಂದು ಪಕ್ಕದ ಮನೆಯ ಪುಟ್ಟ ಹುಡುಗಿ ಹೇಳಿದಳು. ಬಸ್ಸು ಹಿಡಿದು ಅಲ್ಲಿಗೆ ಹೋದೆ. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು.

ನಾನು ಯಾರೆಂದು ಹೇಳಿದಾಗ ಮಗಳ ಮುಖ ಅರಳಿತು.

"ಓ, ಪೋನ್ ಕೂಸಾ ನೀನು? ಅವ್ವ ಮಲಗಿದ್ದಲ್ಲೇ ಕೇಳೋಳು ಕಣವ್ವ, ಆ ಬಿತ್ತನೆ ರಾಗಿ ಸಂಗ್ತಿ ಏನಾಯ್ತು, ಆ ಈರೋಡು ಐದ ಏನಂದ ಅಂತ. ನಮ್ಗೇನ್ ಗೊತ್ತು!"

ಅವರು ನನ್ನ ಪದವಿಯನ್ನು ಕಾಯುತ್ತಿರಲಿಲ್ಲ. ತಮ್ಮ ಪ್ರಶ್ನೆಗೆ ಉತ್ತರವನ್ನು ಕಾಯುತ್ತಿದ್ದರು. ನಮ್ಮ ಗುಂಪಿನಲ್ಲಿ ಆರು ಜನರಿದ್ದೆವೆಂದು ನಾನು ಇಷ್ಟು ವರ್ಷ ತಪ್ಪಾಗಿ ಎಣಿಸಿದ್ದೆ.

ಚಾಪೆಯ ಮೇಲೆ ಕುಳಿತು ಮಗಳಿಗೇ ಆ ಉತ್ತರವನ್ನು ಹೇಳಿದೆ. ತೇವ, ಗಾಳಿ, ಕಾಳಿನೊಳಗಿನ ಜೀವ, ಎಲ್ಲವನ್ನೂ. ಆಕೆ ಗಮನವಿಟ್ಟು ಕೇಳಿದರು. ಆಮೇಲೆ, ನೋಯಿಸುವ ಉದ್ದೇಶವೇ ಇಲ್ಲದೆ ಹೇಳಿದರು:

"ಇಷ್ಟೇಯಾ? ಪೋನಲ್ಲೇ ಏಳ್ಬುಡ್ಬೋದಿತ್ತಲ್ಲವ್ವ."